ಹಾಳುಕೋಟೆಗೆ ಇಳಿದ ಚೆಲುವ

ತಿಪಟೂರಲ್ಲಿ ದೇವೀರಮ್ಮ ಅಂತ ಒಬ್ಬಳು, ಅವಳಿಗೆ ಚೆಲುವ ಅಂತ ಒಬ್ಬನೇ ಮಗ. ಹೆಸರಿಗೆ ತಕ್ಕ ಹಾಗೆ ನೋಡೋಕೆ ಲಕ್ಷಣವಾಗೇ ಇದ್ದ, ಅದರಲ್ಲಿ ಮೋಸ ಇಲ್ಲ. ಕೊಬ್ಬರಿ ಮೂಟೆ ಹೊತ್ತು ಹೊತ್ತು ಭುಜ ಎರಡೂ ಬಾಗಿಲಗಲ. ಬುದ್ಧಿ ಹಂಚೋ ದಿನ ಮಾತ್ರ ಎಲ್ಲಿ ಹೋಗಿದ್ದನೋ, ದೇವರಿಗೇ ಗೊತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಂಚೂರು ಹೆಚ್ಚಿಲ್ಲ, ಒಂಚೂರು ಕಡಿಮೆ ಇಲ್ಲ. ಮಂಡಿಯವರು "ಮೂಟೆ ಬಿಟ್ಟು ಕದಲಬೇಡ" ಅಂದರು. ಮೂಟೆ ಲಾರಿ ಹತ್ತಿತು, ಇವನೂ ಹತ್ತಿದ. ದಿಲ್ಲಿಯಿಂದ ವಾಪಸ್ ಬರೋಕೆ ಹನ್ನೊಂದು ದಿನ ಹಿಡೀತು.

"ಸಾಕಪ್ಪ ನಿನ್ನ ಸಹವಾಸ" ಅಂದರು ಮಂಡಿಯವರು. ಡೇರಿಯವರೂ ಅದನ್ನೇ ಅಂದರು. ನಾಲ್ಕು ದಿನಕ್ಕಿಂತ ಹೆಚ್ಚು ಇವನನ್ನ ಯಾರೂ ಇಟ್ಟುಕೊಂಡಿದ್ದಿಲ್ಲ. ಬಾರೋ, ಕೂತ್ಕೋ ಅಂತ ಪಕ್ಕದಲ್ಲಿ ಕೂರಿಸಿಕೊಂಡಿದ್ದಂತೂ ಇಲ್ಲವೇ ಇಲ್ಲ. ದೇವೀರಮ್ಮನಿಗೆ ಕೂಳಿನ ಚಿಂತೆಗಿಂತ ಈ ಚಿಂತೆಯೇ ದೊಡ್ಡದು.

"ನನ್ನ ಹೊಟ್ಟೇಲಿ ಎಲ್ಲಿಂದ ಬಂದು ಹುಟ್ಟಿದೆಯೋ" ಅಂತ ಹಣೆ ಚಚ್ಚಿಕೊಳ್ಳೋಳು.

"ಸರ್ಕಾರಿ ಆಸ್ಪತ್ರೇಲಿ ಅಲ್ವೇನವ್ವ" ಅನ್ನೋನು ಇವನು.

ಹೀಗಿರೋವಾಗ ಒಂದು ಭಾನುವಾರ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಪೇಪರ್ ಬಂಡಲ್ ಹೊತ್ತು ಹೋದ. ಅಂಗಡಿ ವಿರೂಪಾಕ್ಷನದು. ಮಹಡಿ ಮೇಲೆ ಒಂದು ಮೇಜು, ಮೇಜಿನ ಸುತ್ತ ವಿರೂಪಾಕ್ಷ, ಸೈಕಲ್ ಶಾಪಿನ ಓಂಕಾರಿ, ಕಾಲೇಜಲ್ಲಿ ಲೆಕ್ಕ ಹೇಳಿಕೊಡೋ ಜಬೀನಾ. ಒಂದು ಕುರ್ಚಿ ಖಾಲಿ.

"ಒಬ್ಬರು ಕಡಿಮೆ ಇದ್ದೀವಿ. ಕೂತ್ಕೋ ಬಾ" ಅಂದ ವಿರೂಪಾಕ್ಷ.

ಚೆಲುವ ಹಿಂದೆ ತಿರುಗಿ ನೋಡಿದ, ಯಾರಿಗೆ ಅಂದರು ಅಂತ. ಯಾರೂ ಇರಲಿಲ್ಲ. ಕೂತ.

ಈಗ ಆ ಆಟ ಏನು ಅಂತ ನಿಮಗೆ ಹೇಳಬೇಕಲ್ಲ. ಹಲಗೆ ಇಲ್ಲ, ಇಸ್ಪೀಟೆಲೆ ಇಲ್ಲ, ಕಾಯಿ ಇಲ್ಲ. ಒಬ್ಬ ಕತೆ ನಡೆಸ್ತಾನೆ, ಮಿಕ್ಕವರು ಕತೆಯೊಳಗೆ ಇಳೀತಾರೆ. "ಮುಂದೆ ಹಳ್ಳ ಇದೆ, ಏನ್ಮಾಡ್ತೀರಿ?" ಅಂತಾನೆ ಅವನು. "ಹಾರ್ತೀನಿ" ಅಂತಾರೆ ಇವರು. ಹಾರೋಕಾಗತ್ತೋ ಇಲ್ಲವೋ ಅಂತ ಅನುಮಾನ ಬಂದರೆ ದಾಳ ಹಾಕ್ತಾರೆ. ಹಿಂದಿನ ಕಾಲದಲ್ಲಿ ಫಾರಿನ್ನಿನವರು ಇದನ್ನ ಆಡ್ತಿದ್ದರಂತೆ. ನೆಲಮಾಳಿಗೆಗೆ ಇಳಿಯೋದು, ರಕ್ಕಸರ ಕಣ್ಣು ತಪ್ಪಿಸೋದು, ನಿಧಿ ಹೊತ್ತು ಬರೋದು. ಬರ್ತಾ ಬರ್ತಾ ಅದರ ನಿಯಮದ ಪುಸ್ತಕಗಳು ಇಟ್ಟಿಗೆ ದಪ್ಪ ಆದವು, ಆಡೋದಕ್ಕಿಂತ ಓದೋದೇ ಜಾಸ್ತಿ ಆಯ್ತು. ವಿರೂಪಾಕ್ಷ ಅದನ್ನೆಲ್ಲ ಕಿತ್ತೆಸೆದು, ಹಳೇ ಆಟದ ತಿರುಳು ಮಾತ್ರ ಇಟ್ಟುಕೊಂಡು, ಇಪ್ಪತ್ತೇ ಪುಟದ ಪುಸ್ತಕ ಬರೆದಿದ್ದ. ಅದರ ಹೆಸರು 'ಹಾಳುಕೋಟೆ'.

ಹಾಳುಕೋಟೆಗೆ ನೆಲದಡಿ ಮೂರು ಅಂತಸ್ತು. ತಳದಲ್ಲಿ ಬಂಡೆರಕ್ಕಸ, ಅವನ ತಲೆ ಮೇಲೆ ಕಿರೀಟ. ಆ ಕಿರೀಟವನ್ನ ಬಿಸಿಲಿಗೆ ತಂದವರು ಗೆದ್ದ ಹಾಗೆ. ಮೇಜಿನ ಮೇಲಿರೋ ಮೇಣದಬತ್ತಿಯೇ ಅವರ ಪಂಜು, ಅದು ಆರಿದರೆ ಎಲ್ಲರೂ ಸತ್ತ ಹಾಗೆ. ಇನ್ನು ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು. ಬತ್ತಿ ಉರೀತಿರೋವಾಗ ಬಾಯಿಂದ ಬಂದದ್ದು ಆಗಿಹೋದ ಹಾಗೆ. ಅಯ್ಯೋ, ಸುಮ್ಮನೆ ಅಂದೆ ಅನ್ನೋ ಹಾಗಿಲ್ಲ.

"ಒಬ್ಬರಾದರೂ ಕಿರೀಟ ತಂದು ಬದುಕಿ ಬರೋವರೆಗೂ ಪುಸ್ತಕ ಅಚ್ಚಿಗೆ ಹಾಕಲ್ಲ. ಗೆಲ್ಲೋಕಾಗದ ಆಟ ಜನಕ್ಕೆ ಕೊಡಬಾರದು" ಅಂತ ವಿರೂಪಾಕ್ಷ ಹಟ ಹಿಡಿದಿದ್ದ.

ಬತ್ತಿ ಹಚ್ಚಿದರು, ಇಳಿದರು. "ಮುಂದೆ ಒಂದು ಕಬ್ಬಿಣದ ಬಾಗಿಲು" ಅಂದ ವಿರೂಪಾಕ್ಷ. ಬಾಗಿಲಿಗೆ ಕಿವಿ ಕೊಟ್ಟು ಕೇಳೋಣ ಅಂತ ಜಬೀನಾ, ಕೋಲಲ್ಲಿ ನೆಲ ತಟ್ಟಿ ನೋಡೋಣ ಅಂತ ಓಂಕಾರಿ. ಇಬ್ಬರೂ ಪಿಸಪಿಸ ಮಾತಾಡ್ಕೊಳ್ತಿದ್ದರು.

"ತೆಗೆದೆ" ಅಂದ ಚೆಲುವ.

"ಏನು ತೆಗೆದೆ?"

"ಬಾಗಿಲು. ಬಾಗಿಲಿರೋದು ತೆಗೆಯೋಕೆ ತಾನೇ?"

ಒಳಗೆ ಮೇಕೆ ಗಾತ್ರದ ಹನ್ನೆರಡು ಹೆಗ್ಗಣ. ಎಲ್ಲರೂ ಸತ್ತರು.

ಮನೆಗೆ ಬಂದು ಅವ್ವನಿಗೆ ಹೇಳಿದ. ದೇವೀರಮ್ಮನಿಗೆ ಹೆಗ್ಗಣ ಅರ್ಥ ಆಗಲಿಲ್ಲ, ಬಾಗಿಲು ಅರ್ಥ ಆಯ್ತು. "ಮಂಕೇ, ಯಾರದೋ ಮನೆ ಬಾಗಿಲು ದಬಕ್ಕನೆ ತೆಗೆದು ನುಗ್ತಾರೇನೋ? ಹೊರಗೆ ನಿಂತು ಕೂಗಬೇಕು. ಯಾರಿದ್ದೀರಾ ಅನ್ನಬೇಕು. ಯಾರ ಮಗ, ಯಾರ್ಯಾರು ಬಂದಿದ್ದೀವಿ, ಎಲ್ಲ ಹೇಳ್ಕೋಬೇಕು."

"ಆಯ್ತವ್ವ. ಹಾಗೇ ಮಾಡ್ತೀನಿ."

ಮಾರನೇ ಭಾನುವಾರ. ಮೊದಲನೇ ಅಂತಸ್ತು ದಾಟೋ ಕಡೆ ಒಬ್ಬ ಒಂಟಿಕಣ್ಣಿನ ದಾಂಡಿಗ ಗೊರಕೆ ಹೊಡೀತಿದ್ದಾನೆ. ಉಸಿರು ಬಿಗಿಹಿಡಿದು ದಾಟಬೇಕು. ಓಂಕಾರಿ ಕಂಬದ ಹಿಂದೆ ಅಡಗಿದ, ಜಬೀನಾ ಒಂದು ಹಂಡೆಯೊಳಗೆ ಅಡಗಿದಳು. ಚೆಲುವ ಎದ್ದು ನಿಂತು, ಗಂಟಲು ಸರಿಮಾಡಿಕೊಂಡ.

"ಯಾರಿದ್ದೀರಾ ಒಳಗೆ? ನಾನು ಚೆಲುವ, ದೇವೀರಮ್ಮನ ಮಗ. ಮೂರು ಜನ ಬಂದಿದ್ದೀವಿ. ಓಂಕಾರಣ್ಣ ಕಂಬದ ಹಿಂದಿದ್ದಾನೆ. ಜಬೀನಕ್ಕ ಹಂಡೇಲಿದ್ದಾಳೆ."

ದಾಂಡಿಗ ಎದ್ದ. ಮೊದಲು ಕಂಬದ ಹತ್ತಿರ ಹೋದ, ಆಮೇಲೆ ಹಂಡೆ ಹತ್ತಿರ. ಎಲ್ಲರೂ ಸತ್ತರು.

"ಮಲಗಿದವರನ್ನ ಕೂಗಿ ಎಬ್ಬಿಸ್ತಾರೇನೋ, ನಿನ್ನ ಬಾಯಿಗಿಷ್ಟು" ಅಂತ ಬೈದಳು ದೇವೀರಮ್ಮ. "ಯಾರಾದರೂ ಮಲಗಿದ್ದರೆ ಮೇಲೊಂದು ಹೊದಿಕೆ ಹೊದಿಸಬೇಕು. ದೀಪ ಆರಿಸಬೇಕು. ಸದ್ದಿಲ್ಲದೆ ಎದ್ದು ಬರಬೇಕು."

"ಆಯ್ತವ್ವ. ಹಾಗೇ ಮಾಡ್ತೀನಿ."

ಮೂರನೇ ಭಾನುವಾರ ಎರಡನೇ ಅಂತಸ್ತಿಗೆ ಬಂದರು. ಅಲ್ಲಿವರೆಗೂ ಯಾರೂ ಬಂದಿದ್ದಿಲ್ಲ, ಎಲ್ಲರಿಗೂ ಹುರುಪು. ಅಷ್ಟರಲ್ಲಿ ಓಂಕಾರಿ ಅಲ್ಲೊಂದು ಅಣಬೆ ಮೂಸಿ ನೋಡಿ ಮೂರ್ಛೆ ಹೋದ. ಮೂರ್ಛೆ ಅಂದರೆ ನಿಜವಾಗಲೂ ಕಣ್ಣು ಮುಚ್ಚಿ ಮೇಜಿನ ಮೇಲೆ ತಲೆ ಇಟ್ಟ, ಅವರ ಆಟದಲ್ಲಿ ಹಾಗೆ ರೂಢಿ.

"ಆ ಕಡೆಯಿಂದ ಎಮ್ಮೆ ಗಾತ್ರದ ಹುಳ ಬರ್ತಿದೆ, ಚೆಲುವ, ಬೇಗ ಏನಾದರೂ ಮಾಡು" ಅಂದಳು ಜಬೀನಾ.

ಚೆಲುವ ಏನಾದರೂ ಮಾಡಿದ. ಹೆಗಲ ಮೇಲಿನ ಟವಲ್ ತೆಗೆದು ಓಂಕಾರಿಗೆ ಕುತ್ತಿಗೆವರೆಗೂ ಹೊದಿಸಿದ. ಮೇಣದಬತ್ತಿ ಊದಿ ಆರಿಸಿದ. ತುದಿಗಾಲಲ್ಲಿ ಮೆಟ್ಟಿಲಿಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಸೀದಾ ಮನೆಗೆ ಹೊರಟುಹೋದ.

ಓಂಕಾರಿ ಟವಲ್ ಕಿತ್ತೆಸೆದ. "ಮೂರು ವಾರದಲ್ಲಿ ಮೂರು ಸಲ ಸತ್ತೆ. ಮುಂದಿನ ಸಲವೂ ಸಾಯಿಸಿದರೆ ಅವನು ಈ ಮೆಟ್ಟಿಲು ಹತ್ತೋ ಹಾಗಿಲ್ಲ, ಹೇಳಿದ್ದೀನಿ." ವಿರೂಪಾಕ್ಷನೂ ಹೂಂ ಅನ್ನಲೇಬೇಕಾಯ್ತು. ಅವನ ಪುಸ್ತಕವೂ ಅಲ್ಲೇ ಕೊಳೀತಿತ್ತಲ್ಲ.

ಈ ಮಾತು ಜಬೀನಾ ಬಂದು ದೇವೀರಮ್ಮನಿಗೆ ಮುಟ್ಟಿಸಿದಳು. ದೇವೀರಮ್ಮ ಅವಳ ಕೈ ಹಿಡಿದಳು. "ಭಾನುವಾರ ಬಂತು ಅಂದರೆ ತಾನೇ ಎಣ್ಣೆ ಹಚ್ಕೊಂಡು ತಲೆ ಬಾಚ್ಕೊಳ್ತಾನೆ ತಾಯಿ. ಅವನನ್ನ ಹೆಸರು ಹಿಡಿದು ಕರೆಯೋರು ಅಂತ ಈ ಊರಲ್ಲಿ ನೀವು ಮೂವರೇ" ಅಂದಳು. ಜಬೀನಾ ಹೋದ ಮೇಲೆ ಮಗನನ್ನ ಎದುರಿಗೆ ಕೂರಿಸಿಕೊಂಡಳು.

"ಬಿದ್ದವರನ್ನ ಬಿಟ್ಟು ಬರ್ತಾರೇನೋ? ಬಿದ್ದವರನ್ನ ಎತ್ತಬೇಕು. ನೀರು ಕುಡಿಸಬೇಕು. ಹೆಗಲ ಮೇಲೆ ಹಾಕ್ಕೊಂಡು ಮನೆಗೆ ಕರ್ಕೊಂಡು ಬರಬೇಕು. ಇದೊಂದು ತಪ್ಪಬೇಡ ಕಣೋ, ನಿನಗೆ ಕೈ ಮುಗೀತೀನಿ."

"ಆಯ್ತವ್ವ. ಹಾಗೇ ಮಾಡ್ತೀನಿ."

ನಾಲ್ಕನೇ ಭಾನುವಾರ ಬಂತು. "ನೀನು ಮಾತಾಡಬೇಡ, ಏನೂ ಮಾಡಬೇಡ, ಜೊತೇಲಿ ಬಾ ಸಾಕು" ಅಂದ ಓಂಕಾರಿ. ಚೆಲುವ ಬಾಯಿ ಬಿಗಿದುಕೊಂಡು ಕೂತ, ಕಂಬ ಕೂತ ಹಾಗೆ. ಎಂಥ ಆಟ ಬಿತ್ತು ಅಂತೀರಿ ಅವತ್ತು. ಹೆಗ್ಗಣಗಳಿಗೆ ರೊಟ್ಟಿ ಎಸೆದು ದಾಟಿದರು. ಜಬೀನಾ ತಾನೇ ಬರೆದಿಟ್ಟ ನಕ್ಷೆ ನೋಡಿ, ದಾಂಡಿಗ ಎದುರಾಗದ ಹಾಗೆ ಬಳಸುದಾರೀಲಿ ಕರ್ಕೊಂಡು ಹೋದಳು. ದಾರೀಲಿ ಒಂದು ಸೀಸೆ ಸಂಜೀವಿನಿ ನೀರು ಸಿಕ್ತು, ಅದಕ್ಕೆ ಗುರುತಾಗಿ ಜಬೀನಾಳ ನೀರಿನ ಬಾಟಲಿಯನ್ನ ಮೇಜಿನ ಮೇಲಿಟ್ಟರು. ಕೊನೆಗೂ ತಳ ಮುಟ್ಟಿದರು.

ವಿರೂಪಾಕ್ಷ ಪೇಪರ್ ಡಬ್ಬದ ರಟ್ಟಲ್ಲಿ ಕತ್ತರಿಸಿದ ಕಿರೀಟ ತಲೆಗಿಟ್ಟುಕೊಂಡು ಎದ್ದು ನಿಂತ. ಈಗ ಅವನೇ ಬಂಡೆರಕ್ಕಸ. ಯುದ್ಧ ಅರ್ಧ ಗಂಟೆ ನಡೀತು. ಬತ್ತಿ ಬೆರಳುದ್ದಕ್ಕೆ ಬಂತು. ಓಂಕಾರಿ ಕಣ್ಣು ಮುಚ್ಚಿ ದಾಳ ಎಸೆದ, ಆರು ಬಿತ್ತು. ವಿರೂಪಾಕ್ಷ "ಸತ್ತೇ" ಅಂತ ಕೂಗಿ ನೆಲದ ಮೇಲೆ ಅಂಗಾತ ಬಿದ್ದು ನಾಲಿಗೆ ಚಾಚಿದ.

"ಇನ್ನೇನು, ಕಿರೀಟ ಎತ್ಕೊಳ್ಳೋದು, ಓಡೋದು" ಅಂತ ಓಂಕಾರಿ ಬಾಯಿ ತೆಗೆಯೋದರೊಳಗೆ ಚೆಲುವ ಎದ್ದಿದ್ದ.

"ಅಯ್ಯೋ ಪಾಪ, ಬಿದ್ದುಬಿಟ್ಟ. ಎತ್ತಿದೆ. ನೀರು ಕುಡಿಸಿದೆ."

ಬಾಟಲಿ ವಿರೂಪಾಕ್ಷನ ಬಾಯಿಗೆ ಬಿತ್ತು. ಸಂಜೀವಿನಿ ಅಂದ ಮೇಲೆ ಸತ್ತವನು ಏಳಲೇಬೇಕಲ್ಲ. ರಕ್ಕಸ ಕೆಮ್ಮುತ್ತಾ ಎದ್ದ. ಓಂಕಾರಿ ತಲೆ ತಲೆ ಚಚ್ಚಿಕೊಂಡ. ರಕ್ಕಸ ಉಸಿರೆಳೆದುಕೊಂಡು ಇವರನ್ನ ತಿನ್ನಬೇಕೋ ಬಿಡಬೇಕೋ ಅಂತ ದಾಳಕ್ಕೆ ಕೈ ಚಾಚಿದ, ಅಷ್ಟರಲ್ಲಿ ಅವನ ಕಾಲು ಗಾಳೀಲಿತ್ತು. ಚೆಲುವ ಅವನನ್ನ ಕೊಬ್ಬರಿ ಮೂಟೆ ಎತ್ತಿದ ಹಾಗೆ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ.

"ಬಿಡೋ, ಬಿಡೋ ನನ್ನ" ಅಂದ ವಿರೂಪಾಕ್ಷ. ಕಿರೀಟ ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಬಸ್ ಸ್ಟ್ಯಾಂಡೇ ನಿಂತು ನೋಡ್ತು. ಮುಂದೆ ಚೆಲುವ, ಅವನ ಹೆಗಲ ಮೇಲೆ ಕಿರೀಟಧಾರಿ. ಹಿಂದೆ ಓಂಕಾರಿ, ಬತ್ತಿ ಆರಿದರೆ ಎಲ್ಲರೂ ಸಾಯ್ತೀವಲ್ಲ ಅಂತ ಅದಕ್ಕೆ ಕೈ ಮರೆ ಹಿಡಿದು ಓಡ್ತಿದ್ದಾನೆ. ಅವನ ಹಿಂದೆ ಜಬೀನಾ, ಇದು ನಡೆಯತ್ತೋ ಇಲ್ಲವೋ ಅಂತ ಪುಸ್ತಕ ತಿರುವುತ್ತಾ ಓಡ್ತಿದ್ದಾಳೆ.

"ಯಾರಿಗೇನಾಯ್ತಪ್ಪ?" ಅಂತ ಆಟೋದವನು ಕೇಳಿದ.

"ರಕ್ಕಸಣ್ಣ ಬಿದ್ದಿದ್ದ. ಮನೆಗೆ ಕರ್ಕೊಂಡು ಹೋಗ್ತಿದ್ದೀನಿ" ಅಂದ ಚೆಲುವ.

ದೇವೀರಮ್ಮ ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸ್ತಿದ್ದಳು. ಮಗನ ಹೆಗಲ ಮೇಲೆ ವಿರೂಪಾಕ್ಷನನ್ನ ನೋಡಿದಳು. ಮುಗೀತು ನನ್ನ ಮಗನ ಕತೆ ಅಂದುಕೊಂಡು ಅಲ್ಲೇ ಕಣ್ಣಿಗೆ ಸೆರಗು ಹಚ್ಚಿದಳು. ಆಗ ಜಬೀನಾ ಓಡಿ ಬಂದು, ಏದುಸಿರು ಬಿಡ್ತಾ ಪುಸ್ತಕ ಎತ್ತಿ ಹಿಡಿದಳು.

"ಕಿರೀಟ ಬಿಸಿಲಿಗೆ ಬಂದಿದೆ. ರಕ್ಕಸನ ತಲೆಯಿಂದ ತೆಗೆದಿರಬೇಕು ಅಂತ ಎಲ್ಲೂ ಬರೆದಿಲ್ಲ."

ಓಂಕಾರಿ ಕೈಯಲ್ಲಿ ಬತ್ತಿ ಉರೀತಿತ್ತು. ಯಾರೂ ಸತ್ತಿರಲಿಲ್ಲ. ವಿರೂಪಾಕ್ಷ ತಲೆಕೆಳಗಾಗಿ ನೇತಾಡ್ತಾನೇ ಹೊಟ್ಟೆ ಕುಲುಕಿ ಕುಲುಕಿ ನಗೋಕೆ ಶುರು ಮಾಡಿದ. ರಕ್ಕಸನ ಸಮೇತ ಕಿರೀಟ ಹೊತ್ತು ಬರ್ತಾರೆ ಅಂತ ಬರೆದವನಿಗೇ ಹೊಳೆದಿರಲಿಲ್ಲ ನೋಡಿ.

"ಗೆದ್ದಿರಿ ಕಣ್ರೋ. ಹೊರಗೆ ಬಂದವರು ಇನ್ನು ಸಾಯಲ್ಲ, ಹಚ್ಚಿದ ಮೇಜಿನ ಮೇಲೇ ಬತ್ತಿ ಆರಿಸಿ, ಆಟ ಮುಗೀತು ಅಂದರೆ ಆಯ್ತು. ನಾಳೆಯೇ ಅಚ್ಚಿಗೆ."

ಓಂಕಾರಿಗೆ ಖುಷಿ ತಡೆಯೋಕಾಗಲಿಲ್ಲ. "ದೇವೀರಮ್ಮ, ಕೇಳಿಸ್ಕೊಳಿ. ಇನ್ನು ನಿಮ್ಮ ಮಗನಿಲ್ಲದೆ ನಾವು ಈ ಆಟಕ್ಕೆ ಕೂರಲ್ಲ. ಯಾವತ್ತೂ ಕೂರಲ್ಲ."

ದೇವೀರಮ್ಮ ಅಳ್ತಾ ನಗ್ತಾ ಎಲ್ಲರಿಗೂ ಕಾಫಿ ಕೊಟ್ಟಳು. ಇಷ್ಟಕ್ಕೇ ಬಿಟ್ಟಿದ್ದರೆ ಆಗ್ತಿತ್ತು. ಆದರೆ ತಾಯಿ ಬಾಯಿ, ಸುಮ್ಮನಿರತ್ತಾ? ಅವರು ಹೊರಟಾಗ ಮಗನಿಗೆ ಅಂದಳು: "ಕರ್ಕೊಂಡು ಬಂದವರನ್ನ ಬೀದೀಲಿ ಬಿಡಬಾರದು ಕಣೋ. ಎಲ್ಲಿಂದ ತಂದೆಯೋ ಅಲ್ಲಿಗೇ ಜೋಪಾನವಾಗಿ ಬಿಡಬೇಕು. ಬಾಗಿಲು ಭದ್ರವಾಗಿ ಹಾಕಬೇಕು."

"ಆಯ್ತವ್ವ. ಹಾಗೇ ಮಾಡ್ತೀನಿ."

ವಿರೂಪಾಕ್ಷ ಬೇಡ ಬೇಡ ಅಂದರೂ ಮತ್ತೆ ಹೆಗಲೇರಬೇಕಾಯ್ತು. ಮತ್ತೆ ಬಸ್ ಸ್ಟ್ಯಾಂಡು, ಮತ್ತೆ ಮೆಟ್ಟಿಲು. ಬತ್ತಿ ಉಗುರಿನಷ್ಟು ಉಳಿದಿತ್ತು. ಅದನ್ನ ಮೇಜಿನ ಮೇಲಿಟ್ಟು ಆರಿಸೋಕೆ ಅಂತ ಓಂಕಾರಿ ಕೆನ್ನೆ ಉಬ್ಬಿಸಿದ. ಅಷ್ಟರಲ್ಲಿ ಚೆಲುವ ವಿರೂಪಾಕ್ಷನನ್ನ ಅವನು ಬಿದ್ದಿದ್ದ ಜಾಗದಲ್ಲೇ ಅಂಗಾತ ಮಲಗಿಸಿ, ಕಿರೀಟ ನೆಟ್ಟಗೆ ಮಾಡಿ, ಎದ್ದು ನಿಂತು ಗಟ್ಟಿಯಾಗಿ ಒದರಿದ.

"ರಕ್ಕಸಣ್ಣನನ್ನ ಮೂರನೇ ಅಂತಸ್ತಿಗೆ ಇಳಿಸಿದೆ. ನಾವು ಮೂರು ಜನವೂ ಅವನನ್ನ ಬಿಡೋಕೆ ಒಳಗೆ ಬಂದಿದ್ದೀವಿ. ಬಾಗಿಲು ಹಾಕಿದೆ. ಬೀಗ ಜಡಿದೆ."

ಓಂಕಾರಿ ಉಬ್ಬಿಸಿದ ಕೆನ್ನೆ ಹಾಗೇ ಇತ್ತು. ಬಾಯಿಂದ ಬಂದದ್ದು ಆಗಿಹೋಗಿತ್ತು, ಈಗ ಊದಿದರೆ ಒಳಗೇ ಸತ್ತ ಹಾಗೆ.

"ಇವನು ಈ ಮೇಜಿಗೆ ಇನ್ನು..." ಅಂತ ಬೆರಳು ತೋರಿಸಿ ಎದ್ದ.

"ಅನ್ನೋ ಹಾಗಿಲ್ಲ. ಇವನಿಲ್ಲದೆ ಕೂರಲ್ಲ ಅಂತ ನೀನಂದಾಗಲೂ ಬತ್ತಿ ಉರೀತಿತ್ತು" ಅಂದಳು ಜಬೀನಾ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು.

ಓಂಕಾರಿ ಧೊಪ್ಪನೆ ಕೂತ. ರಕ್ಕಸ ನೆಲದ ಮೇಲೆ ಮೈಮುರಿದು, ಹಲ್ಲು ಕಿರಿದು, ಒಂದೊಂದಾಗಿ ದಾಳ ಎತ್ತಿಕೊಳ್ತಿದ್ದ.

"ಹೋಗಲಿ, ಬೀಗದ ಕೈಯನ್ನಾದರೂ ಇತ್ತ ಕೊಡೋ ಮಾರಾಯ" ಅಂದ ಓಂಕಾರಿ.

"ರಕ್ಕಸಣ್ಣನ ಕೈಗೆ ಕೊಟ್ಟೆ" ಅಂದ ಚೆಲುವ. "ಅವನ ಮನೆ ಅಲ್ವಾ?"