ಗಡಿಯಾರ ರಿಪೇರಿಯವನ ಹಾಯಿದೋಣಿ

“ಗುರುಗಳೇ, ಅಲುಗುವ ಮನಸ್ಸನ್ನು ಕಟ್ಟಿಹಾಕುವುದು ಹೇಗೆ?”

ಕೇಳಿದವನು ಸುಬ್ರಾಯ. ಅವನು ಮಠಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ತನ್ನನ್ನು ಸಾಕಿ ಬೆಳೆಸಿದ ಅಕ್ಕನ ಜೊತೆ ಜಗಳವಾಡಿ, ಆಡಬಾರದ ಮಾತೊಂದನ್ನು ಆಡಿ, ಹೇಳದೆ ಕೇಳದೆ ಹೊರಟು ಬಂದವನು. ಅಕ್ಕ ಎರಡು ಕಾಗದ ಬರೆದಿದ್ದಳು. ಎರಡನ್ನೂ ಅವನು ಒಡೆಯದೆ ಚೀಲದ ತಳದಲ್ಲಿ ಇಟ್ಟಿದ್ದ. ಇದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲ ಎಂದು ಅವನು ತಿಳಿದಿದ್ದ.

“ಧ್ಯಾನಕ್ಕೆ ಕೂತರೆ ಒಳಗಿನಿಂದ ಏನೋ ಎಳೆಯುತ್ತದೆ,” ಎಂದ ಸುಬ್ರಾಯ. “ಒಂದೇ ಕಡೆಗೆ ಎಳೆಯುತ್ತದೆ. ಉಸಿರು ಎಣಿಸಿದೆ. ಜಪ ಹೆಚ್ಚಿಸಿದೆ. ರಾತ್ರಿಯೂಟ ಬಿಟ್ಟೆ. ಯಾವುದಕ್ಕೂ ಬಗ್ಗಲಿಲ್ಲ. ಇದನ್ನು ನಿಲ್ಲಿಸುವ ಒಂದು ಉಪಾಯ ಹೇಳಿ.”

“ಹೇಳುತ್ತೇನೆ,” ಎಂದರು ಗುರುಗಳು. “ಮೊದಲು ನೀನು ಚಾಪೆಯ ಹುಲ್ಲು ಕೀಳುವುದನ್ನು ನಿಲ್ಲಿಸು. ಅದು ಮಠದ ಚಾಪೆ.”

ಸುಬ್ರಾಯ ಕೈ ಹಿಂದಕ್ಕೆ ತೆಗೆದುಕೊಂಡ. ಗುರುಗಳು ಕತೆ ಹೇಳಿದರು.

ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ಹತ್ತಿರ ಒಂದು ಊರು. ಆ ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಯಾವ ಗಡಿಯಾರ ಎಡವುತ್ತಿದೆ ಎಂದು ಅವನ ಕಿವಿಗೆ ಬಾಗಿಲ ಹೊರಗಿನಿಂದಲೇ ತಿಳಿಯುತ್ತಿತ್ತು. ಏನಾದರೂ ನಡುಗಿದರೆ, ಸಡಿಲವಾದರೆ, ಒಂದು ಬದಿಗೆ ಎಳೆದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಎದ್ದು ಹೋಗಿ ಸರಿಮಾಡಿ ಬಂದೇ ಉಣ್ಣುತ್ತಿದ್ದ. ನಿನ್ನ ಬಳಗದವನೇ ಅನ್ನು.

ಅವನು ಒಂದು ಸಣ್ಣ ಹಾಯಿದೋಣಿ ಕೊಂಡ. ಊರಿನಿಂದ ವರ್ಗವಾಗಿ ಹೊರಟ ಅಧಿಕಾರಿಯೊಬ್ಬ ಬಿಟ್ಟುಹೋಗುತ್ತಿದ್ದ ದೋಣಿ. ಮೀನು ಹಿಡಿಯುವುದಕ್ಕಲ್ಲ, ಸರಕು ಸಾಗಿಸುವುದಕ್ಕಲ್ಲ. ಭಾನುವಾರ ಅಂಗಡಿಗೆ ರಜೆ. ಅಂದು ಸುಮ್ಮನೆ ಗಾಳಿಯಲ್ಲಿ ತಿರುಗಾಡುವುದಕ್ಕೆ. ಊರವರು ನಕ್ಕರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಅವನಿಗಿದ್ದದ್ದು ಒಂದೇ ಆಸೆ. ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಒಂದು ದಿನ ಹೊಳೆಯ ಮೇಲೆ ಹೋಗಬೇಕು.

ಹೆಂಡತಿ ಘಟ್ಟದ ಮೇಲಿನವಳು. ಈಜು ಬಾರದು. ಆಕೆ ದೋಣಿಯ ಸುತ್ತ ಒಂದು ಸುತ್ತು ಬಂದಳು.

“ಬಿದ್ರೆ?” ಎಂದಳು.

ಅವನು ದೋಣಿಯ ಎರಡೂ ಬದಿಗೆ ಕಬ್ಬಿಣದ ಗೂಟ ನೆಟ್ಟು ಹಗ್ಗದ ಬೇಲಿ ಕಟ್ಟಿದ. ಆಕೆ ಕೂತಾಗ ತೋಳಿಗೆ ಆಧಾರವಾಗುವಷ್ಟು ಎತ್ತರ. ಮುಂದಿನ ವಾರ ಆಕೆ ನೆಲ ಮುಟ್ಟಿ ನೋಡಿ, “ಜಾರಿದ್ರೆ?” ಎಂದಳು. ಅವನು ನೆಲಕ್ಕೆ ಬಣ್ಣ ಬಳಿದು, ಅದು ಹಸಿಯಿರುವಾಗಲೇ ಜರಡಿ ಹಿಡಿದ ಮರಳು ಉದುರಿಸಿದ. ಒಣಗಿದ ಮೇಲೆ ಕಾಲು ಕಚ್ಚಿ ಹಿಡಿಯುತ್ತಿತ್ತು. ಮಗುಚಿದರೂ ಮುಳುಗಬಾರದು ಎಂದು ಖಾಲಿ ಎಣ್ಣೆ ಡಬ್ಬಗಳ ಬಾಯಿಗೆ ಬೆಸುಗೆ ಹಾಕಿ ಹಲಗೆಯ ಅಡಿ ಕೂರಿಸಿದ. ನೀರು ಮೊಗೆಯುವ ಚೊಂಬಿಗೆ ಒಂದು ಹಗ್ಗ. ಹುಟ್ಟಿಗೆ ಒಂದು ಹಗ್ಗ. ನೀರಿಗೆ ಬಿದ್ದವರು ಹತ್ತಿ ಬರಲು ಹಿಂಬದಿಗೆ ಎರಡು ಮೆಟ್ಟಿಲಿನ ಹಗ್ಗದ ಏಣಿ. ತೇಲುವ ಜಾಕೆಟ್ಟು ಎರಡು ತಂದ. ಕುತ್ತಿಗೆಗೆ ಸೀಟಿ ಕಟ್ಟಿಕೊಂಡ.

ಬಡಗಿಯನ್ನು ಕರೆಯಲಿಲ್ಲ. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂದು ಗಾದೆ ಹೇಳುತ್ತ ಎಲ್ಲವನ್ನೂ ತಾನೇ ಮಾಡಿದ. ನಗಬೇಡ ಸುಬ್ರಾಯ. ಅವೆಲ್ಲ ಒಳ್ಳೆಯ ಕೆಲಸಗಳೇ. ಹೆದರಿದವಳ ಮಾತು ಕೇಳಿ ಗಂಡಸೊಬ್ಬ ಇಷ್ಟು ಮಾಡಿದ್ದೇ ದೊಡ್ಡದು.

ಕೊನೆಗೆ ಆಕೆಯ ಪ್ರಶ್ನೆಗಳು ಮುಗಿದವು. ಹತ್ತುವ ಮೊದಲು ಅವನು ಒಬ್ಬನೇ ದೋಣಿ ನಡೆಸುವುದನ್ನು ದಡದಲ್ಲಿ ನಿಂತು ನೋಡುತ್ತೇನೆ ಎಂದಳು. ನೋಡಿದಳು. ಅವನು ದಡಕ್ಕೆ ಬಂದಾಗ ಕೇಳಿದಳು:

“ನಿಮ್ಮ ಕೈ ಯಾಕೆ ನಡುಗ್ತಿತ್ತು?”

“ಕೈ ಅಲ್ಲ. ಚುಕ್ಕಾಣಿ. ದೋಣಿ ಯಾವಾಗಲೂ ಗಾಳಿ ಬರುವ ಕಡೆಗೇ ಎಳೀತದೆ. ನಾನು ಹಿಡಿದುಕೊಳ್ತೇನೆ.”

“ಎಳೆಯುವ ದೋಣಿಗೆ ನಾನು ಹತ್ತೂದಿಲ್ಲ.”

ಅವನಿಗೆ ಅಂದು ಊಟ ಸೇರಲಿಲ್ಲ. ಆ ಎಳೆತ ಅವನಿಗೂ ಸೇರುತ್ತಿರಲಿಲ್ಲ. ಉಳಿದೆಲ್ಲವನ್ನೂ ಸರಿಮಾಡಿ ಇದೊಂದನ್ನು ಬಿಟ್ಟೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ದಡದಲ್ಲಿ ಬಲೆ ಹೆಣೆಯುತ್ತಿದ್ದ ಒಬ್ಬ ಮುದುಕ ಅಂಬಿಗನ ಹತ್ತಿರ ಹೋಗಿ, ಇದಕ್ಕೆ ಏನು ಮಾಡುವುದು ಎಂದು ಕೇಳಿದ.

“ಎಂತದೂ ಮಾಡೂದು ಬೇಡ,” ಎಂದ ಮುದುಕ. “ಅದು ಎಳೀಬೇಕು ಮಾರಾಯ್ರೆ. ನಿಮ್ಮ ಕೈ ತಪ್ಪಿದ್ರೆ ಅದು ತಾನಾಗಿ ಗಾಳಿಗೆ ಮುಖ ಮಾಡಿ ನಿಲ್ತದೆ. ಎಳೆಯದ ದೋಣಿಗೆ ನಾ ಹತ್ತೂದಿಲ್ಲ.”

“ನನ್ನ ಕೈ ತಪ್ಪಿದ್ರೆ ತಾನೇ?” ಎಂದ ಗಡಿಯಾರದವನು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದುಕೊಂಡು ಮನೆಗೆ ಬಂದ. ಒಬ್ಬಳು ಎಳೆದರೆ ಹತ್ತುವುದಿಲ್ಲ ಅನ್ನುತ್ತಾಳೆ, ಒಬ್ಬ ಎಳೆಯದಿದ್ದರೆ ಹತ್ತುವುದಿಲ್ಲ ಅನ್ನುತ್ತಾನೆ. ಮುದುಕ ಹತ್ತಿ ಅವನಿಗೆ ಆಗಬೇಕಾದ್ದೇನೂ ಇರಲಿಲ್ಲ. ಹೆಂಡತಿ ಹತ್ತಬೇಕಾಗಿತ್ತು.

ಅವನು ಚುಕ್ಕಾಣಿಯ ಹಿಡಿಗೆ ಹಗ್ಗ ಸುತ್ತಿ ಎರಡೂ ಬದಿಗೆ ಎಳೆದು ಕಟ್ಟಿದ. ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ಸ್ವಲ್ಪ ಸ್ವಲ್ಪವೇ ಬಿಗಿದ. ಬಿಚ್ಚಿಹೋಗಬಾರದೆಂದು ತಾನೇ ಕಂಡುಹಿಡಿದ ಗಂಟು ಹಾಕಿದ. ಆಮೇಲೆ ದೋಣಿ ಗೆರೆ ಎಳೆದ ಹಾಗೆ ನೇರ ಹೋಯಿತು. ಅವನ ಕೈ ನಡುಗಲಿಲ್ಲ. ಕೈ ಅಲ್ಲಿರುವ ಅಗತ್ಯವೇ ಇರಲಿಲ್ಲ. ಅಂದು ಅವನು ಎರಡು ತುತ್ತು ಹೆಚ್ಚು ಉಂಡ.

ಮುಂದಿನ ಭಾನುವಾರ ಹೆಂಡತಿ ದೋಣಿ ಹತ್ತಿದಳು.

ಆಕೆ ಎರಡು ಮುಳ್ಳುಸೌತೆ, ಒಂದು ಚೂರಿ, ಉಪ್ಪು ಮೆಣಸಿನಪುಡಿಯ ಪೊಟ್ಟಣ ತಂದಿದ್ದಳು. ಅವನು ಆಕೆಗೆ ಜಾಕೆಟ್ಟು ತೊಡಿಸಿ ಪಟ್ಟಿ ಬಿಗಿದ. ತನ್ನದನ್ನು ಮಡಚಿ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತ. ಹಲಗೆ ಗಟ್ಟಿಯಿತ್ತು ನೋಡು.

“ನಾನು ಏನಾದ್ರೂ ಹಿಡ್ಕೊಳ್ಳಬೇಕಾ?” ಎಂದು ಆಕೆ ಕೇಳಿದಳು.

“ನೀನು ಏನನ್ನೂ ಮುಟ್ಟಬೇಡ. ಎಲ್ಲ ಭದ್ರ ಮಾಡಿದ್ದೇನೆ.”

ಗಾಳಿ ಬಲಗಡೆಯಿಂದ ಬರುತ್ತಿತ್ತು. ಇಳಿತದ ಹೊತ್ತು. ಹೊಳೆಯ ನೀರೂ ದೋಣಿಯೂ ಒಟ್ಟಿಗೆ ಅಳಿವೆಯ ಕಡೆಗೆ ಹೋಗುತ್ತಿದ್ದವು. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ. ಅದರ ಮೇಲೆ ಸಮುದ್ರದ ತೆರೆ ಒಡೆಯುತ್ತದೆ. ಅಲ್ಲಿಗೆ ಮುಟ್ಟುವ ಬಹಳ ಮೊದಲೇ ತಿರುಗಿಸಿ ಬರುವುದು ಅವನ ಲೆಕ್ಕಾಚಾರ.

ಆಕೆ ಮೊದಲು ಹಗ್ಗದ ಬೇಲಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ಆಮೇಲೆ ಒಂದು ಕೈ ಬಿಟ್ಟಳು. ಸ್ವಲ್ಪ ಹೊತ್ತಿಗೆ ಸೌತೆಕಾಯಿ ಹೆಚ್ಚಿದಳು. ಅದನ್ನು ಕಂಡು ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಕೂತಲ್ಲಿ ಕೂರಲು ಆಗಲಿಲ್ಲ. ಎದ್ದು ನಿಂತ. ಎರಡೂ ಕೈ ಮೇಲೆತ್ತಿ, “ನೋಡು, ಯಾರೂ ಹಿಡಿದಿಲ್ಲ!” ಎಂದ.

ಆಚೆಯಿಂದ ಇಂಜಿನ್ನಿನ ಮೀನುದೋಣಿಯೊಂದು ಹಾದುಹೋಯಿತು. ಅದು ಎಬ್ಬಿಸಿದ ಅಲೆ ಬಂದು ತಾಗಿತು. ಹಗ್ಗದ ಬೇಲಿ ಕೂತವರ ಎತ್ತರಕ್ಕೆ ಕಟ್ಟಿದ್ದು. ನಿಂತವನಿಗೆ ಅದು ಮೊಣಕಾಲಿಗೆ ಬಂತು. ಹಗ್ಗವೇ ಅವನನ್ನು ಎಡವಿಸಿ ಹೊರಗೆ ಕೆಡವಿತು.

ಅವನು ಮೇಲೆದ್ದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ದೋಣಿ ನಾಲ್ಕು ಮಾರು ಮುಂದೆ ಹೋಗಿತ್ತು. ಸೀಟಿ ಊದಿದ. ಮೀನುದೋಣಿಯ ಇಂಜಿನ್ನಿನ ಸದ್ದಿನಲ್ಲಿ ಸೀಟಿ ಎಲ್ಲಿ ಕೇಳಬೇಕು? ಈಜಿದ. ಅವನು ಈಜಿದಷ್ಟೂ ದೋಣಿ ದೂರವಾಯಿತು. ಅದು ಅಲುಗಲಿಲ್ಲ, ತಿರುಗಲಿಲ್ಲ, ನಿಲ್ಲಲಿಲ್ಲ. ಅವನು ಎಷ್ಟು ಚೆನ್ನಾಗಿ ಕಟ್ಟಿದ್ದನೋ ಅಷ್ಟು ಚೆನ್ನಾಗಿ ಈಜು ಬಾರದ ಹೆಂಗಸನ್ನು ಒಡೆಯುವ ತೆರೆಯ ಕಡೆಗೆ ನೇರವಾಗಿ ಕೊಂಡೊಯ್ಯುತ್ತಿತ್ತು. ಮುದುಕ ಅಂದದ್ದು ಅವನಿಗೆ ಆಗ ನೆನಪಾಯಿತು.

“ಹಗ್ಗ ಬಿಚ್ಚು!” ಎಂದು ಕೂಗಿದ.

“ಯಾವ ಹಗ್ಗ?”

ಆಕೆಯ ತಪ್ಪಲ್ಲ. ದೋಣಿಯಲ್ಲಿ ಒಂಬತ್ತು ಹಗ್ಗಗಳಿದ್ದವು. ಒಂಬತ್ತನ್ನೂ ಅವನೇ ಕಟ್ಟಿದ್ದ. ಯಾವುದು ಯಾತಕ್ಕೆ ಎಂದು ಆಕೆಗೆ ಒಮ್ಮೆಯೂ ಹೇಳಿರಲಿಲ್ಲ. ಅವನು ಇನ್ನೊಮ್ಮೆ ಏನೋ ಕೂಗಿದ. ಬಾಯಿಗೆ ನೀರು ಹೋಯಿತು. ಮಾತು ಕೇಳಲಿಲ್ಲ.

ಆಕೆ ಕೈಗೆ ಸಿಕ್ಕಿದ್ದನ್ನು ಬಿಚ್ಚಿದಳು. ಚೊಂಬು ಉರುಳಿತು. ಇನ್ನೊಂದು ಬಿಚ್ಚಿದಳು. ಹುಟ್ಟು ಸಡಿಲವಾಯಿತು. ಬೇಲಿಯ ಗಂಟಿಗೆ ಕೈ ಹಾಕಿದಳು, ಉಗುರು ಮುರಿಯಿತು. ಹಿಂದೆ ನೋಡಿದರೆ ಗಂಡನ ತಲೆ ತೆಂಗಿನಕಾಯಿಯಷ್ಟು ಕಾಣುತ್ತಿತ್ತು. ಮುಂದೆ ನೋಡಿದರೆ ತೆರೆ ಒಡೆಯುವ ಬಿಳಿ ಗೆರೆ. ಕೂಗಿದಳು. ಅತ್ತಳು. ಬಲ್ಲ ದೇವರನ್ನೆಲ್ಲ ಕರೆದಳು. ದೋಣಿ ತನ್ನ ಪಾಡಿಗೆ ಹೋಗುತ್ತಲೇ ಇತ್ತು.

ಆಮೇಲೆ ಆಕೆ ಕೂಗುವುದನ್ನು ನಿಲ್ಲಿಸಿ ದೋಣಿಯನ್ನು ನೋಡಿದಳು.

ಉಳಿದ ಹಗ್ಗಗಳೆಲ್ಲ ಸುಮ್ಮನೆ ಬಿದ್ದಿದ್ದವು. ಒಂದು ಹಗ್ಗ ಮಾತ್ರ ಬಿಗಿದುಕೊಂಡು ಗದಗದ ನಡುಗುತ್ತಿತ್ತು. ಚುಕ್ಕಾಣಿಗೆ ಕಟ್ಟಿದ್ದು. ತನ್ನ ಗಂಡನ ಕೈ ಹೀಗೆಯೇ ನಡುಗಿದ್ದನ್ನು ಆಕೆ ದಡದಿಂದ ನೋಡಿದ್ದಳು. ಅದನ್ನು ಬೇಡ ಅಂದವಳೂ ಆಕೆಯೇ.

ಗಂಟು ಬಿಚ್ಚಲು ಬರಲಿಲ್ಲ. ಸೌತೆಕಾಯಿಯ ಚೂರಿ ತೆಗೆದುಕೊಂಡು ಕೊಯ್ದಳು. ಕೊನೆಯ ಎಳೆ ತಾನಾಗಿ ಹರಿಯಿತು.

ಚುಕ್ಕಾಣಿ ಒಂದು ಬದಿಗೆ ಬಡಿಯಿತು. ದೋಣಿ ಗಿರಕ್ಕನೆ ಗಾಳಿಯ ಕಡೆಗೆ ಮುಖ ತಿರುಗಿಸಿತು. ಹಾಯಿ ಪಟಪಟ ಹೊಡೆದುಕೊಂಡ ಸದ್ದಿಗೆ ಎಲ್ಲ ಮುರಿದುಬಿತ್ತು ಎಂದುಕೊಂಡು ಆಕೆ ಮುಖ ಮುಚ್ಚಿಕೊಂಡಳು. ಮುರಿದಿರಲಿಲ್ಲ. ದೋಣಿ ನಿಂತಿತ್ತು. ಆಕೆಗೆ ದೋಣಿ ನಿಲ್ಲಿಸಲು ಬರುತ್ತಿರಲಿಲ್ಲ. ಅದಕ್ಕೆ ಬರುತ್ತಿತ್ತು.

ಇಳಿತದ ನೀರು ಮಾತ್ರ ದೋಣಿಯನ್ನೂ ಅವನನ್ನೂ ಒಟ್ಟಿಗೇ ಮೆಲ್ಲಗೆ ಒಯ್ಯುತ್ತಿತ್ತು, ತೆರೆ ಇನ್ನೂ ದೂರವಿತ್ತು. ಅವನು ಬಂದು ಮುಟ್ಟಲು ಬಹಳ ಹೊತ್ತು ಹಿಡಿಯಿತು. ಹಗ್ಗದ ಏಣಿ ಹಿಡಿದು ಹತ್ತಿದ. ಮರಳು ಬಳಿದ ನೆಲದ ಮೇಲೆ ಬೋರಲು ಬಿದ್ದು ಬಾಯಿ ತೆರೆದು ಉಸಿರಾಡಿದ. ಹೆಂಡತಿ ಅವನ ಬೆನ್ನಿಗೆ ಗುದ್ದಿದಳು. ಇನ್ನೊಮ್ಮೆ ಗುದ್ದಿದಳು. ಆಮೇಲೆ ಅದೇ ಬೆನ್ನಿನ ಮೇಲೆ ತಲೆಯಿಟ್ಟು ಅತ್ತಳು.

ಹಿಂದಕ್ಕೆ ಬರುವಾಗ ಅವನು ಜಾಕೆಟ್ಟು ತೊಟ್ಟುಕೊಂಡು ಚುಕ್ಕಾಣಿ ಕೈಯಲ್ಲೇ ಹಿಡಿದಿದ್ದ. ಕೈ ನಡುಗುತ್ತಿತ್ತು. ಅರ್ಧ ದಾರಿಯಲ್ಲಿ ಆಕೆಯೂ ಅದರ ಮೇಲೆ ಕೈಯಿಟ್ಟಳು.

“ಎಳೀತದೆ,” ಎಂದಳು.

“ಎಳೀಲಿ,” ಎಂದ ಅವನು.

ಗುರುಗಳು ಕತೆ ನಿಲ್ಲಿಸಿದರು. ಸುಬ್ರಾಯ ಮತ್ತೆ ಚಾಪೆಯ ಅಂಚಿಗೆ ಕೈ ಹಾಕಿದ್ದ. ಒಂದು ಕಡ್ಡಿ ಕಿತ್ತು ಬೆರಳಿಗೆ ಸುತ್ತಿ ಬಿಚ್ಚಿ ಮತ್ತೆ ಸುತ್ತಿದ. ಕತೆ ಮುಗಿಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

“ಹಾಗಾದರೆ ಮನಸ್ಸನ್ನು ಕಟ್ಟಲೇಬಾರದೇ ಗುರುಗಳೇ? ನಾನು ಇಷ್ಟು ದಿನ ಮಾಡಿದ್ದೆಲ್ಲ ತಪ್ಪೇ? ಹೀಗೆ ಎಳೆಯುತ್ತಲೇ ಇದ್ದರೆ ನಾನು ಮುಂದೆ ಹೋಗುವುದು ಹೇಗೆ?”

“ಕಟ್ಟು, ಹಗ್ಗ ಬೇಕಾದರೆ ನಾನೇ ಕೊಡುತ್ತೇನೆ,” ಎಂದರು ಗುರುಗಳು, “ನೀರಿನಲ್ಲಿ ಬಿಟ್ಟು ಬಂದದ್ದು ಯಾರನ್ನು ಎಂದು ಮಾತ್ರ ಮೊದಲು ಹೇಳು.”