ಸಮುದ್ರಕ್ಕೇ ಉಪ್ಪು ಸಾಲದು ಎಂದವನು

ಮಕ್ಕಳೇ, ಹೆಚ್ಚಿನ ಹಡಗುಗಳಿಗೆ ಇಂಜಿನ್ ಇಲ್ಲದ ಕಾಲದಲ್ಲಿ ಹಾಯಿಹಡಗೊಂದು ಮಂಗಳೂರು ಹೆಂಚು ತುಂಬಿಕೊಂಡು ಆಫ್ರಿಕಾದ ಜಂಜಿಬಾರಿಗೆ ಹೊರಟಿತ್ತು. ಗಾಳಿ ಇದ್ದರೆ ಓಟ, ಇಲ್ಲದಿದ್ದರೆ ನಡುಸಮುದ್ರದಲ್ಲೇ ಬಿಡಾರ. ಸುತ್ತ ಕಣ್ಣು ಹಾಯಿಸಿದಷ್ಟೂ ನೀರು. ಕುಡಿಯುವುದಕ್ಕೆ ಮಾತ್ರ ಒಂದೇ ಒಂದು ಮರದ ಪೀಪಾಯಿ. ಅದು ಅಡುಗೆ ಒಲೆಯ ಪಕ್ಕದ ಉಗ್ರಾಣದಲ್ಲಿತ್ತು, ಉಗ್ರಾಣದ ಬೀಗದ ಕೈ ಅಡುಗೆಯ ಜಟ್ಟಪ್ಪನ ಸೊಂಟದಲ್ಲಿತ್ತು.

ಅಷ್ಟು ದಿನ ಹಡಗಿನಲ್ಲಿ ಏನು ಮಾಡುತ್ತಿದ್ದರು ಅಂತೀರಾ? ಕೆಲಸಕ್ಕೇನು ಬರವೇ! ಹರಿದ ಹಾಯಿ ಹೊಲಿಯಬೇಕು, ಹಗ್ಗ ಹೊಸೆಯಬೇಕು, ಸಂದಿಗಳಿಂದ ಒಸರಿ ಹಡಗಿನ ತಳದಲ್ಲಿ ನಿಲ್ಲುವ ಸಮುದ್ರದ ನೀರನ್ನು ದಿನವೂ ಬಾಲ್ದಿಯಲ್ಲಿ ಎತ್ತಿ ಹೊರಗೆ ಚೆಲ್ಲಬೇಕು. ಮಧ್ಯಾಹ್ನ ಗಂಜಿ, ಮೀನುಸಾರು. ಜೊತೆಗೆ ದೇವು ಎಂಬ ಖಲಾಸಿಯ ತಕರಾರು. ಒಂದು ದಿನ ಸಾರಿಗೆ ಉಪ್ಪು ಹೆಚ್ಚು ಎನ್ನುವನು, ಮರುದಿನ ಕಡಿಮೆ ಎನ್ನುವನು. ಇದೇ ವಿಷಯಕ್ಕೆ ಅವನೂ ಜಟ್ಟಪ್ಪನೂ ಮಾತು ಬಿಟ್ಟಿದ್ದರು.

ಹೀಗಿರುವಾಗ ಪೀಪಾಯಿಯ ನೀರು ಬೇಗಬೇಗ ಇಳಿಯತೊಡಗಿತು. ದಡ ಇನ್ನೂ ದೂರ. ಹಡಗಿನ ಯಜಮಾನ ಪುರ್ಸಪ್ಪ ತಾಂಡೇಲ ಎಲ್ಲರನ್ನೂ ಕರೆದು, ಕದ್ದು ಕುಡಿದದ್ದು ಯಾರು ಎಂದು ಕೇಳಿದ. ಎಲ್ಲರ ಕಣ್ಣೂ ಜಟ್ಟಪ್ಪನ ಸೊಂಟಕ್ಕೆ ಹೋಯಿತು. ಅವನು ಆಣೆ ಇಟ್ಟ. ಯಾರೂ ನಂಬಲಿಲ್ಲ. ಜಂಜಿಬಾರಿನಲ್ಲಿ ಅವನನ್ನು ಇಳಿಸಿಬಿಡುವುದು, ಇನ್ನು ಯಾವ ಹಡಗೂ ಅವನನ್ನು ಹತ್ತಿಸಿಕೊಳ್ಳದಂತೆ ಸುದ್ದಿ ಮುಟ್ಟಿಸುವುದು ಎಂದಾಯಿತು. ಪಾಪ, ಅವನು ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟ.

ಅಷ್ಟರಲ್ಲಿ, ತಳದ ನೀರು ಎತ್ತುತ್ತಲೇ ಈ ಮಾತೆಲ್ಲ ಕೇಳಿಸಿಕೊಂಡಿದ್ದ ದೇವು ಬಾಲ್ದಿ ಹಿಡಿದು ಮೇಲೆ ಬಂದ. ಇವನೂ ಒಂದು ಚಾಡಿ ಸೇರಿಸಲು ಬಂದ ಎಂದೇ ಎಲ್ಲರೂ ಅಂದುಕೊಂಡರು.

"ತಾಂಡೇಲರೇ, ಯಾರು ಅಂತ ಆಮೇಲೆ ಕೇಳುವ. ಈ ನೀರು ತುಟಿಗೆ ಸಿಡಿಯಿತು. ಇದಕ್ಕೆ ಉಪ್ಪೇ ಸಾಲದು. ಅದು ಹೇಗೆ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಾರಿನ ಮೇಲಿನ ತಕರಾರು ಮುಗಿದು ಈಗ ಸಮುದ್ರದ ಮೇಲೆ ಶುರುವಾಯಿತು ಎಂದು ಒಬ್ಬ ಚುಡಾಯಿಸಿದ. ಪುರ್ಸಪ್ಪ ಮಾತ್ರ ನಗದೆ ಬೆರಳು ಅದ್ದಿ ನೆಕ್ಕಿದ. ಹೌದು, ಸಪ್ಪೆ! ಎಲ್ಲಿಂದಲೋ ಸಿಹಿನೀರು ಬಂದು ಬೆರೆಯುತ್ತಿದೆ.

ಉಗ್ರಾಣಕ್ಕೆ ಇಳಿದು ನೋಡಿದರು. ಪೀಪಾಯಿ ಹೊರಗೆಲ್ಲ ಒಣಗಿಯೇ ಇತ್ತು. ಆಗ ಒಂದು ದೊಡ್ಡ ಅಲೆಗೆ ಹಡಗು ವಾಲಿತು. ಪೀಪಾಯಿಯೊಳಗಿನ ನೀರು ಒಂದು ಪಕ್ಕಕ್ಕೆ ಏರಿತು, ಮೇಲಿನ ಹಲಗೆಗಳ ಸಂದಿಯಿಂದ ಸಣ್ಣ ಧಾರೆಯೊಂದು ಹೊರಟು ನೆಲದ ಬಿರುಕಿನಲ್ಲಿ ಇಳಿದುಹೋಯಿತು. ಹಡಗು ನೆಟ್ಟಗಾದದ್ದೇ ಧಾರೆ ನಿಂತಿತು. ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುವ ನಿಮ್ಮ ಮನೆಯ ಬಾಗಿಲು ಬೇಸಿಗೆಯಲ್ಲಿ ಸಂದಿ ಬಿಡುವುದಿಲ್ಲವೇ? ಇದೂ ಹಾಗೆಯೇ. ನೀರು ಇಳಿದಂತೆ ಮೇಲಿನ ಮರ ಒಲೆಯ ಕಾವಿಗೆ ಒಣಗಿ ಕುಗ್ಗಿತ್ತು.

ಪೀಪಾಯಿಗೆ ಒದ್ದೆ ಗೋಣಿ ಸುತ್ತಿದರು. ಮರ ಉಬ್ಬಿತು, ಸಂದಿ ಮುಚ್ಚಿತು. ಪುರ್ಸಪ್ಪ ತನ್ನ ಕೈಯಾರೆ ಬೀಗದ ಕೈಯನ್ನು ಜಟ್ಟಪ್ಪನ ಸೊಂಟಕ್ಕೆ ಸಿಕ್ಕಿಸಿ, ತಪ್ಪಾಯಿತು ಎಂದ.

ಮರುದಿನ ಜಟ್ಟಪ್ಪ ಮೊದಲ ಬಟ್ಟಲು ಸಾರನ್ನು ದೇವುವಿಗೇ ಕೊಟ್ಟು ಎದುರೇ ನಿಂತ. ದೇವು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ.

"ಉಪ್ಪು ಸ್ವಲ್ಪ ಹೆಚ್ಚಾಯಿತು."

"ಹೇಳು ಮಾರಾಯ, ದಿನಾ ಹೇಳು," ಎಂದು ಜಟ್ಟಪ್ಪ ಇನ್ನೊಂದು ಸೌಟು ಬಡಿಸಿದ.

ನೀತಿ: ಏನಾದರೂ ಕಡಿಮೆಯಾದರೆ ‘ಯಾರು’ ಎಂದು ಬೆರಳು ತೋರಿಸುವ ಮೊದಲು ‘ಹೇಗೆ’ ಎಂದು ಕೇಳಬೇಕು. ಹಾಗೆ ಕೇಳುವವನು ನಮಗೆ ಆಗದವನೇ ಆಗಿದ್ದರೂ ಅವನ ಮಾತಿಗೆ ಕಿವಿ ಕೊಡಬೇಕು.