ಎರಡಕ್ಕೂ ಸೈ ಎಂದ ಟ್ರಗ್ಗಿ

ನೈಟ್ರೋ ಎಣ್ಣೆ ಕುಡಿದು ಓಡುವ ರಿಮೋಟ್ ಆಟದ ಗಾಡಿಯೊಂದಿತ್ತು. ಅರ್ಧ ಟ್ರಕ್ಕು, ಅರ್ಧ ಬಗ್ಗಿ, ಹೆಸರು ಟ್ರಗ್ಗಿ. ಮೈದಾನದ ಮೋಜಿಗೂ ಸೈ, ಟ್ರ್ಯಾಕಿನ ಪಂದ್ಯಕ್ಕೂ ಸೈ ಎಂದು ಪೊನ್ನಪ್ಪ ಅದನ್ನು ಆರಿಸಿ ತಂದಿದ್ದ. ಮೈದಾನಕ್ಕೆಂದು ಬ್ಯಾಟರಿ ಟ್ರಕ್ಕು, ಪಂದ್ಯಕ್ಕೆಂದು ಪುಟ್ಟ ಬಗ್ಗಿ ಅವನ ಬಳಿ ಮೊದಲೇ ಇದ್ದವು. "ಮೂರು ಗಾಡಿ ಹೊತ್ತು ಸಾಕಾಯಿತು, ಮುಂದಿನ ವಾರದಿಂದ ಎರಡೇ" ಎಂದು ಅವನು ಗೊಣಗಿದಾಗ ಟ್ರಗ್ಗಿ ನಕ್ಕಿತು. ತನ್ನನ್ನು ಯಾರು ಬಿಟ್ಟಾರು?

ಬೆಳಿಗ್ಗೆ ಮೈದಾನದಲ್ಲಿ ಅದು ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು.

"ಏನಣ್ಣಾ, ಸುಸ್ತೇ?" ಎಂದಿತು ಬ್ಯಾಟರಿ ಟ್ರಕ್ಕು.

"ನಾನು ಪಂದ್ಯದ ಕುದುರೆ ಕಣೋ. ಈ ಮಕ್ಕಳಾಟ ನನಗೆ ಒಗ್ಗದು."

ಸಂಜೆ ಟ್ರ್ಯಾಕಿನಲ್ಲಿ ಎಲ್ಲರಿಗಿಂತ ಕೊನೆಗೆ ಬಂತು.

"ಯಾಕಣ್ಣಾ, ದಾರಿಯಲ್ಲಿ ಕಾಫಿಗೆ ನಿಂತಿದ್ದೆಯಾ?" ಎಂದಿತು ಬಗ್ಗಿ.

"ನಾನು ಮೋಜಿಗೆ ಓಡುವವನಪ್ಪ. ಪೈಪೋಟಿಯೆಲ್ಲ ನಿಮ್ಮಂಥವರಿಗೆ."

ಮರಳುವಾಗ ಮೂರೂ ಪೊನ್ನಪ್ಪನ ಕಾರಿನ ಒಂದೇ ಡಿಕ್ಕಿಯಲ್ಲಿದ್ದವು. "ನಮ್ಮ ಪಂದ್ಯದ ಕುದುರೆ ಹೇಗೆ ಓಡಿತು?" ಎಂದು ಟ್ರಕ್ಕು ಕೇಳಿತು. "ಕುದುರೆಯೇ? ನನ್ನ ಹತ್ತಿರ ತಾನು ಮೋಜುಗಾರ ಅಂದನಲ್ಲ!" ಎಂದಿತು ಬಗ್ಗಿ. ಟ್ರಗ್ಗಿ ನಿದ್ದೆ ಬಂದವರಂತೆ ಬಿದ್ದುಕೊಂಡಿತು.

ಮನೆಗೆ ಬಂದ ಮೇಲೆ ಪೊನ್ನಪ್ಪ ಟ್ರಗ್ಗಿಯೊಂದನ್ನೇ ಹಿಂದಿನ ಕೋಣೆಗೆ ಸೇರಿಸಿದ. ಮೈತುಂಬ ಒದ್ದೆ ಬಟ್ಟೆ ಹೊತ್ತಿದ್ದ ವ್ಯಾಯಾಮದ ಸೈಕಲ್ಲು ಕೇಳಿತು, "ಓಡುವವರು ಇಲ್ಲಿಗೇಕೆ ಬಂದಿರಿ?"

"ಓಡುವುದು ನನ್ನ ಕೆಲಸವಲ್ಲ. ನಾನು ಅಂದಕ್ಕೆ ಇರುವವನು."

"ಮೊದಮೊದಲು ನಾನೂ ಹಾಗೇ ಅಂದೆ" ಎಂದಿತು ಸೈಕಲ್ಲು.

ಮರುದಿನ ಟ್ರಗ್ಗಿಯ ಬೆನ್ನ ಮೇಲೆ ಎದ್ದು ನಿಂತ ರೆಕ್ಕೆಯ ಮೇಲೆ ಪೊನ್ನಪ್ಪನ ಕಾಲುಚೀಲ ಒಣಗುತ್ತಿತ್ತು.